ಸ್ಟಾಪರ್‌ಗೂ ಸ್ಟ್ರೈಕರ್ ಸಂಬಳ ಕೊಡಿ

2019ರ ಮಾರ್ಚ್ 17, ಮುಂಬೈ. ಐಎಸ್‌ಎಲ್ ಫೈನಲ್. ಬೆಂಗಳೂರು ಎಫ್‌ಸಿ ಎದುರು ಎಫ್‌ಸಿ ಗೋವಾ. 90 ನಿಮಿಷ ಮುಗಿದರೂ 0-0. ಎಕ್ಸ್‌ಟ್ರಾ ಟೈಮ್ ಕೂಡ ಮುಗಿಯೋಕೆ ಬಂದಾಗ ಒಂದು ಕಾರ್ನರ್, ಒಂದು ಹೆಡರ್, ಬಿಎಫ್‌ಸಿ ಚಾಂಪಿಯನ್. ಆ ಗೋಲ್ ಹೊಡೆದವರು ಯಾರು ಅಂತ ಹಾಸ್ಟೆಲಲ್ಲಿ ಕೇಳಿ ನೋಡಿ. ಅರ್ಧ ಜನ ಯೋಚನೆ ಮಾಡದೆ ಛೆಟ್ರಿ ಅಂತಾರೆ. ಅಲ್ಲ ಗುರು, ರಾಹುಲ್ ಭೇಕೆ. ಡಿಫೆಂಡರ್.

ಸರಿ ಉತ್ತರ ಹೇಳೋ ಇನ್ನರ್ಧ ಜನಕ್ಕೂ ಭೇಕೆ ನೆನಪಿರೋದು ಆ ಒಂದು ಗೋಲ್‌ನಿಂದಲೇ. ಆ ಸೀಸನ್‌ನ ಟಾಪ್ ಸ್ಕೋರರ್ ಕೋರೊಮಿನಾಸ್ ಇದ್ದ ಗೋವಾ ಟೀಮಿಗೆ ಅವತ್ತು ಪೂರ್ತಿ 120 ನಿಮಿಷ ಒಂದೂ ಗೋಲ್ ಸಿಗಲಿಲ್ಲ. ಅದು ಯಾರ ಕೆಲಸ? ಅದರ ಹೈಲೈಟ್ಸ್ ಯಾರೂ ಕಟ್ ಮಾಡಿ ರೀಲ್ಸ್ ಹಾಕಲ್ಲ. ಡಿಫೆಂಡರ್‌ಗೆ ಹೆಸರು ಬರಬೇಕು ಅಂದ್ರೆ ಅವನು ಸ್ಟ್ರೈಕರ್ ಕೆಲಸ ಮಾಡಬೇಕು. ಸಂಬಳದ ಕಥೆಯೂ ಹೆಚ್ಚುಕಮ್ಮಿ ಹೀಗೇ. ಒಬ್ಬ ಒಳ್ಳೆ ಡಿಫೆಂಡರ್‌ಗೆ ಟೀಮಿನ ಅತಿ ಹೆಚ್ಚಿನ ಸಂಬಳ ಕೊಡಬೇಕಾ ಅನ್ನೋ ಪ್ರಶ್ನೆ ಬಂದಾಗಲೆಲ್ಲ "ಅಷ್ಟು ದುಡ್ಡಿಗೆ ಒಬ್ಬ ಫಾರಿನ್ ಸ್ಟ್ರೈಕರ್ ಬರ್ತಾನಲ್ಲ" ಅಂತಾರೆ. ನಾನು ಹೇಳೋದು, ಕೊಡಬೇಕು. ಸ್ಟ್ರೈಕರ್‌ಗೆ ಕೊಡೋವಷ್ಟೇ ಕೊಡಬೇಕು.

ನಮ್ಮ ಬಿಎಫ್‌ಸಿಯನ್ನೇ ನೋಡಿ. ಕ್ಲಬ್ ಹುಟ್ಟಿದ್ದು 2013ರಲ್ಲಿ. ಮೊದಲ ಐ-ಲೀಗ್ ಸೀಸನ್‌ನಲ್ಲಿ ಇದ್ದ ನಾಲ್ಕು ವಿದೇಶಿ ಆಟಗಾರರಲ್ಲಿ ಇಬ್ಬರು, ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೋ, ಡಿಫೆಂಡರ್‌ಗಳು. ಕೋಚ್ ಆಶ್ಲೇ ವೆಸ್ಟ್‌ವುಡ್ ಕೂಡ ಆಡೋ ಕಾಲದಲ್ಲಿ ಡಿಫೆಂಡರ್. ಬೇರೆ ಕ್ಲಬ್‌ಗಳು ಫಾರಿನ್ ಕೋಟಾವನ್ನು ಗೋಲ್ ಹೊಡೆಯೋಕೆ ಅಂತ ಇಟ್ಟುಕೊಳ್ಳುವಾಗ ಇವರು ಅರ್ಧ ಕೋಟಾ ಹಿಂದೆ ಹಾಕಿದರು. ಮೊದಲ ವರ್ಷವೇ ಕಪ್ ಬಂತು.

ಆಮೇಲಿನ ಲೆಕ್ಕ ಇನ್ನೂ ಮಜಾ ಇದೆ. 2022ರಲ್ಲಿ ಸಂದೇಶ್ ಜಿಂಗನ್ ಬಿಎಫ್‌ಸಿಗೆ ಬಂದರು. ಆ ಸೀಸನ್‌ನಲ್ಲಿ ಡುರಾಂಡ್ ಕಪ್ ಗೆದ್ದೆವು, ಐಎಸ್‌ಎಲ್ ಫೈನಲ್ ಆಡಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು, ಸೂಪರ್ ಕಪ್ ಫೈನಲ್‌ಗೂ ಹೋದೆವು. ಸೀಸನ್ ಮುಗೀತು, ಜಿಂಗನ್ ಗೋವಾಕ್ಕೆ ಹೋದರು. ಮುಂದಿನ ಸೀಸನ್ ಬಿಎಫ್‌ಸಿ ಎಷ್ಟನೇ ಸ್ಥಾನ? 10. ಅದೇ 2023-24ರಲ್ಲಿ ಐಎಸ್‌ಎಲ್ ಕಪ್ ಎತ್ತಿದ ಮುಂಬೈ ಸಿಟಿಯ ಕ್ಯಾಪ್ಟನ್ ಯಾರು ಗೊತ್ತಾ? 2021ರಲ್ಲಿ ನಮ್ಮನ್ನು ಬಿಟ್ಟು ಹೋದ ಭೇಕೆ! 2024ರಲ್ಲಿ ಭೇಕೆ ವಾಪಸ್ ಬಂದರು, 2025ರ ಏಪ್ರಿಲ್‌ನಲ್ಲಿ ಬಿಎಫ್‌ಸಿ ಮತ್ತೆ ಫೈನಲ್‌ನಲ್ಲಿತ್ತು. ಸೋತೆವು, ಅದು ಬೇರೆ ಮಾತು.

ಕೋರಿಲೇಶನ್ ಬೇರೆ, ಕಾರಣ ಬೇರೆ ಅಂತ ಮ್ಯಾಥ್ಸ್ ಕ್ಲಾಸಲ್ಲಿ ನನಗೂ ಹೇಳಿಕೊಟ್ಟಿದ್ದಾರೆ. ಕೋಚ್ ಬದಲಾದರು, ಬೇರೆ ಆಟಗಾರರೂ ಬಂದರು ಹೋದರು, ಒಪ್ತೀನಿ. ಆದರೆ ಇಬ್ಬರು ಡಿಫೆಂಡರ್‌ಗಳು, ಬಂದಾಗ ಫೈನಲ್, ಹೋದಾಗ ಪಾತಾಳ. ಇಷ್ಟು ನೋಡಿದ ಮೇಲೂ ಅವರಿಗೆ ಕೊಡೋ ದುಡ್ಡು ದಂಡ ಅನ್ನೋರು ಬೇರೆ ಲೆಕ್ಕ ತೋರಿಸಲಿ.

ಇನ್ನೊಂದು ಸಿಂಪಲ್ ಲೆಕ್ಕ. ನಿಮ್ಮ ಟೀಮ್ ಒಂದು ಗೋಲ್ ಹೊಡೆದರೆ ಏನು ಗ್ಯಾರಂಟಿ? ಏನೂ ಇಲ್ಲ, 1-4 ಸೋಲಬಹುದು. ನಿಮ್ಮ ಟೀಮ್ ಒಂದೂ ಗೋಲ್ ಬಿಟ್ಟುಕೊಡದಿದ್ದರೆ? ಕನಿಷ್ಠ 1 ಪಾಯಿಂಟ್ ಜೇಬಿನಲ್ಲಿದೆ. ಗ್ಯಾರಂಟಿ ಕೊಡೋನಿಗೆ ಕಮ್ಮಿ, ಚಾನ್ಸ್ ಕೊಡೋನಿಗೆ ಜಾಸ್ತಿ. ಇದ್ಯಾವ ನ್ಯಾಯ?

ಎಫ್‌ಪಿಎಲ್ ಆಡೋರಿಗೆ ಇದು ಚೆನ್ನಾಗಿ ಗೊತ್ತಿರಬೇಕು. 2025-26 ಸೀಸನ್ ಶುರುವಾದಾಗ ಸಲಾ ಬೆಲೆ 14.5, ಹಾಲಂಡ್ 14, ವ್ಯಾನ್ ಡೈಕ್ ಬರೀ 6. ಆದರೆ ಅದೇ ಸೀಸನ್‌ನಿಂದ ಒಂದು ಹೊಸ ರೂಲ್ ತಂದರು. ಟ್ಯಾಕಲ್, ಬ್ಲಾಕ್, ಇಂಟರ್‌ಸೆಪ್ಷನ್, ಕ್ಲಿಯರೆನ್ಸ್ ಎಲ್ಲ ಸೇರಿ 10 ಆದರೆ ಡಿಫೆಂಡರ್‌ಗೆ 2 ಪಾಯಿಂಟ್ ಎಕ್ಸ್‌ಟ್ರಾ. ಅಂದ್ರೆ ಗೇಮ್ ಮಾಡೋರಿಗೂ ಹೊಳೀತು, ಇಷ್ಟು ದಿನ ಈ ಕೆಲಸಕ್ಕೆ ಕೂಲಿ ಕೊಟ್ಟಿರಲಿಲ್ಲ ಅಂತ.

ನಾನು ಕೆಜಿಎಫ್‌ನವನು, ಚಾಂಪಿಯನ್ ರೀಫ್ಸ್. (ಸಿನಿಮಾ ಡೈಲಾಗ್ ಬೇಡ, ಎರಡು ವರ್ಷದಿಂದ ಕೇಳಿ ಸಾಕಾಗಿದೆ.) ನಮ್ಮ ಕಡೆ ಸೆಂಟರ್ ಬ್ಯಾಕ್‌ಗೆ ಈಗಲೂ ಸ್ಟಾಪರ್ ಅಂತಾರೆ. ಬೇಸಿಗೆಯಲ್ಲಿ ಗ್ರೌಂಡಲ್ಲಿ ಟೂರ್ನಮೆಂಟ್ ಆಗುತ್ತೆ, ಏರಿಯಾ ಟೀಮ್‌ಗಳು ದುಡ್ಡು ಕಲೆಕ್ಟ್ ಮಾಡಿ ಬೆಂಗಳೂರಿಂದ ಗೆಸ್ಟ್ ಪ್ಲೇಯರ್ ಕರೆಸ್ತಾವೆ. ಬಂಗಾರಪೇಟೆಯಲ್ಲಿ ಟ್ರೈನ್ ಬದಲಾಯಿಸಿ ಬರೋರು ಅವರು. ಬರೋ ಸ್ಟ್ರೈಕರ್‌ಗೆ ಮೊದಲೇ ಅಡ್ವಾನ್ಸ್. ಸ್ಟಾಪರ್‌ಗೆ ಟ್ರೈನ್ ಚಾರ್ಜು, ಬಿರಿಯಾನಿ, ಕಪ್ ಗೆದ್ದರೆ "ನೋಡೋಣ ಬ್ರೋ". ಇದನ್ನು ಯಾರೂ ಅನ್ಯಾಯ ಅಂತ ಅಂದುಕೊಂಡು ಮಾಡಲ್ಲ. ರೂಢಿ, ಅಷ್ಟೆ. ಸೆಮಿಫೈನಲ್‌ನಲ್ಲಿ ನಾಲ್ಕು ಗೋಲ್ ತಿಂದ ಮೇಲೆ "ಒಬ್ಬ ಒಳ್ಳೆ ಸ್ಟಾಪರ್ ಬೇಕಿತ್ತು ಮಚ್ಚಾ" ಅಂತ ಎಲ್ಲರೂ ಹೇಳ್ತಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇದರ ಪೆಟ್ಟು ಬೀಳೋದು ಚಿಕ್ಕ ಹುಡುಗರ ಮೇಲೆ. ನಮ್ಮ ಲೈನಿನಲ್ಲಿ ಒಬ್ಬ ಇದ್ದಾನೆ, ಒಂಬತ್ತನೇ ಕ್ಲಾಸು, ಆರಡಿ ಹತ್ತಿರ ಹತ್ತಿರ ಇದ್ದಾನೆ, ಹೆಡ್ಡಿಂಗ್ ನೋಡಿದರೆ ಯಾರಾದರೂ ಹೇಳ್ತಾರೆ ಇವನು ಹುಟ್ಟು ಸ್ಟಾಪರ್ ಅಂತ. ಅವನು ಮಾತ್ರ ಹಟ ಹಿಡಿದು ಫಾರ್ವರ್ಡ್ ಆಡ್ತಾನೆ, ಸುಮಾರಾಗಿ ಆಡ್ತಾನೆ. ಯಾಕೋ ಅಂತ ಕೇಳಿದ್ದಕ್ಕೆ "ಅಣ್ಣಾ, ಗೋಲ್ ಹೊಡೆದ್ರೆ ತಾನೆ ಸೆಲೆಕ್ಷನ್‌ನಲ್ಲಿ ನೋಡೋದು?" ಅಂದ. ಅವನ ಲೆಕ್ಕ ತಪ್ಪು ಅಂತ ಹೇಗೆ ಹೇಳಲಿ? ದುಡ್ಡು ಎಲ್ಲಿದೆಯೋ ಹುಡುಗರು ಅಲ್ಲಿಗೆ ಹೋಗ್ತಾರೆ. ನಾವೂ ಬ್ರಾಂಚ್ ಆರಿಸಿಕೊಂಡಿದ್ದು ಹಾಗೇ ಅಲ್ವಾ? ಸಿವಿಲ್ ಇಷ್ಟ ಇದ್ದೋರು ಎಷ್ಟು ಜನ ಸಿಎಸ್‌ನಲ್ಲಿ ಕೂತಿದ್ದೀರಿ, ಕೈ ಎತ್ತಿ.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿ 3 ಕಿಲೋಮೀಟರ್‌ಗಿಂತ ಆಳ. ಅಷ್ಟು ಕೆಳಗೆ ಒತ್ತಡ ಜಾಸ್ತಿಯಾಗಿ ಬಂಡೆ ತಾನಾಗಿಯೇ ಸಿಡಿಯುತ್ತೆ, ಅದೇ ರಾಕ್ ಬರ್ಸ್ಟ್. ಅದಕ್ಕೇ ಅದಿರು ತೆಗೆದ ಜಾಗಕ್ಕೆಲ್ಲ ಮೊದಲು ಮರದ ದಿಮ್ಮಿ, ಆಮೇಲಿನ ಕಾಲದಲ್ಲಿ ಕಲ್ಲು, ಕಾಂಕ್ರೀಟ್ ಆಸರೆ ಕೊಡ್ತಿದ್ದರು. ತಾತ ಹೇಳೋದು, ದಿನದ ಕೊನೆಗೆ ಎಷ್ಟು ಅದಿರು ಮೇಲೆ ಬಂತು ಅಂತ ಬರೆದಿಡ್ತಿದ್ದರು, ಇವತ್ತು ಮೇಲ್ಛಾವಣಿ ಬೀಳಲಿಲ್ಲ ಅಂತ ಯಾರೂ ಬರೀಲಿಲ್ಲ. ನಾನು ಫುಟ್ಬಾಲ್ ಬಗ್ಗೆ ಕೇಳಿರಲಿಲ್ಲ, ಅವರೂ ಫುಟ್ಬಾಲ್ ಬಗ್ಗೆ ಹೇಳಿರಲಿಲ್ಲ. ಆದರೆ ಜಿಂಗನ್ ಆಡೋದು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತೆ.

ಈಗ ಎದುರುವಾದ ಮಾಡೋರ ಮಾತು. ಮೊದಲನೇದು, ಮೊಣಕಾಲು. ಜಿಂಗನ್ ಲಿಗಮೆಂಟ್ ಗಾಯದಿಂದ 2019-20ರ ಸೀಸನ್ ಪೂರ್ತಿ ಹೊರಗಿದ್ದರು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮತ್ತೆ ಗಾಯ, ಗೋವಾ ಪರ ಉಳಿದ ಸೀಸನ್ ಆಡಲಿಲ್ಲ. ಅವರಿಲ್ಲದೆಯೂ ಗೋವಾ 3ನೇ ಸ್ಥಾನಕ್ಕೆ ಬಂತು. ಇದು ನನ್ನ ವಾದಕ್ಕೆ ಚುಚ್ಚುವ ಮುಳ್ಳೇ. ಆದರೆ ಮೊಣಕಾಲು ಸ್ಟ್ರೈಕರ್‌ಗೂ ಇರುತ್ತೆ. ಅವನಿಗೆ ದುಡ್ಡು ಕೊಡೋವಾಗ ಇದೇ ಭಯ ಯಾಕೆ ಬರಲ್ಲ?

ಎರಡನೇದು, ದುಡ್ಡು ಕೊಟ್ಟರೆ ಒಳ್ಳೆ ಡಿಫೆಂಡರ್ ಸಿಗ್ತಾನೆ ಅನ್ನೋ ಖಾತ್ರಿ ಇಲ್ಲ. 2018ರ ಜನವರಿಯಲ್ಲಿ ಲಿವರ್‌ಪೂಲ್ 75 ಮಿಲಿಯನ್ ಪೌಂಡ್ ಕೊಟ್ಟು ವ್ಯಾನ್ ಡೈಕ್ ತಂದಿತು, 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 30 ವರ್ಷದ ನಂತರ ಲೀಗ್ ಗೆದ್ದಿತು. 2019ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 80 ಮಿಲಿಯನ್ ಕೊಟ್ಟು ಮ್ಯಾಗ್ವಾಯರ್ ತಂದಿತು, ಡಿಫೆಂಡರ್ ಒಬ್ಬರಿಗೆ ಅದು ವಿಶ್ವದಾಖಲೆ, ಮುಂದಿನದು ಮೀಮ್ ಪೇಜ್‌ಗಳಿಗೆ ಬಿಟ್ಟಿದ್ದು. ಟ್ರಾನ್ಸ್‌ಫರ್ ಫೀ ಬೇರೆ, ಸಂಬಳ ಬೇರೆ ಅಂತ ಗೊತ್ತು. ಆದರೂ ಪಾಠ ಒಂದೇ, ಹೆಸರು ನೋಡಿ ಅಲ್ಲ, ಆಟ ನೋಡಿ ಕೊಡಬೇಕು. ನಮ್ಮಲ್ಲಿ ನೋಡೋ ಕಣ್ಣಿದ್ದೋರು ಇದ್ದರು. 2015ರ ಐಎಸ್‌ಎಲ್ ಹರಾಜಿನಲ್ಲಿ ಬಿಎಫ್‌ಸಿಯ ರೈಟ್ ಬ್ಯಾಕ್ ರಿನೋ ಆಂಟೋ ಮೂಲ ಬೆಲೆ 17.5 ಲಕ್ಷ. ಅಟ್ಲೆಟಿಕೊ ಡಿ ಕೋಲ್ಕತ್ತಾ ತಗೊಂಡಿದ್ದು 90 ಲಕ್ಷಕ್ಕೆ. ಅವತ್ತು ಛೆಟ್ರಿಗೆ ಬಿದ್ದ ಬೆಲೆ 1.2 ಕೋಟಿ. 2017ರ ಡ್ರಾಫ್ಟ್‌ನಲ್ಲಿ ಅನಸ್ ಎಡತೊಡಿಕ 1.10 ಕೋಟಿ, ಅಂದಿನ ಅತಿ ಹೆಚ್ಚಿನ ಬೆಲೆ, ಅವರೂ ಡಿಫೆಂಡರ್. ಅಂದ್ರೆ ಇದು ಆಗದ ಮಾತೇನೂ ಅಲ್ಲ.

ಮೂರನೇದು ಗಟ್ಟಿ ವಾದ, ಇದಕ್ಕೆ ನನ್ನ ಹತ್ತಿರ ಅರ್ಧ ಉತ್ತರ ಮಾತ್ರ ಇದೆ. ದುಡ್ಡೇ ಇಲ್ಲ. 2025ರಲ್ಲಿ ಐಎಸ್‌ಎಲ್ ನಡೆಸೋ ಒಪ್ಪಂದ ಮುಂದುವರಿಯದೆ ಲೀಗ್ ನಿಂತುಹೋಯ್ತಲ್ಲ, ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ಟೀಮಿನ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಛೆಟ್ರಿಗೂ ಇಲ್ಲ, ಭೇಕೆಗೂ ಇಲ್ಲ. ಯೂತ್ ಟೀಮ್‌ಗಳು, ಸಾಕರ್ ಸ್ಕೂಲ್‌ಗಳು ಮಾತ್ರ ನಡೀತಾವೆ ಅಂತ ಹೇಳಿದರು. ಅವತ್ತು ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಕೇಳಿದ, "ಇನ್ನೂ ಡಿಫೆಂಡರ್‌ಗೆ ಟಾಪ್ ಸಂಬಳ ಬೇಕಾ ನಿಂಗೆ?"

ಬೇಕು. ಆದರೆ ಟಾಪ್ ಸಂಬಳ ಅಂದ್ರೆ ಕಾಗದದ ಮೇಲಿನ ನಂಬರ್ ಅಲ್ಲ. ಗಣಿ ಮುಚ್ಚಿದ ಊರಿನವರಿಗೆ 'ಬಾಕಿ' ಅನ್ನೋ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕೋಟಿ ಬರೆದು ಆರು ತಿಂಗಳು ಕೊಡೋದಕ್ಕಿಂತ ನಲವತ್ತು ಲಕ್ಷ ಬರೆದು ಹನ್ನೆರಡು ತಿಂಗಳು ಕೊಡಲಿ. ಕಿಟ್ ಮ್ಯಾನ್, ಫಿಸಿಯೋ, ಜೂನಿಯರ್ ಕೋಚ್‌ಗಳ ಸಂಬಳ ಮುಟ್ಟದೆ ಎಷ್ಟು ಕೊಡೋಕಾಗುತ್ತೋ ಅಷ್ಟು. ನಾನು ಕೇಳ್ತಿರೋದು ಡಬ್ಬಿ ದೊಡ್ಡದು ಮಾಡಿ ಅಂತ ಅಲ್ಲ. ಐಎಸ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಬೇರೆ ಇದೆ, ಕೆಲವು ಸೀಸನ್ ಅದು 16.5 ಕೋಟಿ ಇತ್ತು, ದೊಡ್ಡದು ಮಾಡೋಕೂ ಆಗಲ್ಲ. ಇರೋ ಡಬ್ಬಿಯಲ್ಲಿ ಮೊದಲ ತುತ್ತು ಮುಂದೆ ನಿಂತವನಿಗೆ, ಕೊನೆ ತುತ್ತು ಹಿಂದೆ ನಿಂತವನಿಗೆ ಅನ್ನೋ ಪದ್ಧತಿ ಬಿಡಿ ಅಂತ.

ವರ್ಲ್ಡ್ ಕಪ್‌ನಲ್ಲಿ ಗೋಲ್ಡನ್ ಬಾಲ್ ಇದೆ, ಗೋಲ್ಡನ್ ಬೂಟ್ ಇದೆ, ಗೋಲ್‌ಕೀಪರ್‌ಗೆ ಗೋಲ್ಡನ್ ಗ್ಲೋವ್ ಇದೆ. ಇಷ್ಟೊಂದು ಚಿನ್ನದಲ್ಲಿ ಡಿಫೆಂಡರ್‌ಗೆ ಅಂತ ಒಂದು ಗ್ರಾಂ ಇಲ್ಲ. ಬ್ಯಾಲನ್ ಡಿ'ಓರ್ ಕೊನೆಯ ಸಲ ಡಿಫೆಂಡರ್‌ಗೆ ಸಿಕ್ಕಿದ್ದು 2006ರಲ್ಲಿ, ಕನ್ನವಾರೋಗೆ. ನಾನಾಗ ಹುಟ್ಟಿದ್ದೆನೋ ಇಲ್ವೋ ಅನ್ನೋ ಕಾಲ. ಫಿಫಾಗೆ ಹೇಳೋಕೆ ನಮ್ಮಿಂದ ಆಗಲ್ಲ. ಆದರೆ ಮುಂದಿನ ಸೆಮ್‌ನಲ್ಲಿ ನಮ್ಮ ಕಾಲೇಜಿನ ಇಂಟರ್-ಬ್ರಾಂಚ್ ಫುಟ್ಬಾಲ್ ಇದೆ. ಹೋದ ಸಲ ಟಾಪ್ ಸ್ಕೋರರ್‌ಗೆ ಕ್ಯಾಶ್ ಪ್ರೈಜ್, ಟ್ರೋಫಿ ಎರಡೂ ಇತ್ತು. ಸ್ಪೋರ್ಟ್ಸ್ ಕಮಿಟಿಯವರು ಇದನ್ನು ಓದ್ತಿದ್ದರೆ, ಬೆಸ್ಟ್ ಡಿಫೆಂಡರ್‌ಗೂ ಅಷ್ಟೇ ಕ್ಯಾಶ್ ಇಡಿ. ಅಷ್ಟೇ ಅಂದ್ರೆ ಅಷ್ಟೇ, ನೂರು ರೂಪಾಯಿ ಕಮ್ಮಿ ಬೇಡ. ಯಾರು ಬೆಸ್ಟ್ ಅಂತ ಹೇಗೆ ಆರಿಸೋದು ಅಂತ ತಲೆ ಕೆಡಿಸ್ಕೋಬೇಡಿ. ಎದುರಾಳಿ ಟೀಮ್‌ಗಳ ಸ್ಟ್ರೈಕರ್‌ಗಳನ್ನು ಕೇಳಿ, ಯಾರನ್ನು ದಾಟೋಕೆ ಆಗಲಿಲ್ಲ ಅಂತ ಅವರೇ ಹೇಳ್ತಾರೆ.