ಬಾಕಿದಾರರ ಪಂಚಾಂಗ

ಕೊಪ್ಪದ ಪೇಟೆಯಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ವರ್ತಕರೊಬ್ಬರಿದ್ದಾರೆ. ಗೊಬ್ಬರ, ಮೈಲುತುತ್ತ, ಸುಣ್ಣ ಮಾರುವವರು. ಹೆಸರು ಬೇಡ. ನಾನು ನಿವೃತ್ತನಾದ ಮೇಲೆ ಅವರ ಬಾಕಿದಾರರಿಗೆ ಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಅವರ ಉದ್ರಿ ಪುಸ್ತಕವನ್ನು ತಿರುವುತ್ತ ಮೊದಮೊದಲು ಮನಸಾರೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಪಾಠ ಹೇಳಿದವನು ನಾನು. ಅಲ್ಲಿರುವ ಎಷ್ಟೋ ಹೆಸರುಗಳನ್ನು ಹಿಂದೆ ಹಾಜರಿ ಪುಸ್ತಕದಲ್ಲಿ ಕೂಗಿದ್ದೆ.

ಬಾಕಿದಾರರಿಗೆ ಅವರದೇ ಒಂದು ಪಂಚಾಂಗವಿದೆ. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳುಹಿಸಬಾರದು. ದೀಪ ಹಚ್ಚಿದ ಮೇಲಂತೂ ಕೂಡದು. ಆಷಾಢ ಬೇಡ, ಪಿತೃಪಕ್ಷ ಬೇಡ, ಧನುರ್ಮಾಸ ಬೇಡ. ಆದರೆ ಸಾಮಾನು ಕೊಂಡೊಯ್ಯಲು ಮಾತ್ರ ಶುಕ್ರವಾರದ ಮುಸ್ಸಂಜೆಯೂ ಸುಮುಹೂರ್ತವೇ! ಅಡಿಕೆಯ ದರ ಇಳಿದರೆ "ಕೈಯಲ್ಲಿ ಏನೂ ಇಲ್ಲ". ಏರಿದರೆ "ಇನ್ನೂ ಏರಲಿ, ಮಾರಿದ ಕೂಡಲೇ ಕೊಡುತ್ತೇನೆ". ಮೊಬೈಲಿನಲ್ಲಿ ಹಣ ಕಳುಹಿಸುವ ಕಾಲ ಬಂದ ಮೇಲೆ ನೆಪಗಳೂ ಹೊಸತಾದವು. ನಮ್ಮ ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗದಿರುವುದು ನಿಜವೇ. ಆದರೆ ದಿನವೂ ಬೆಳಗ್ಗೆ ಶುಭೋದಯದ ಚಿತ್ರ ಕಳುಹಿಸಲು ಸಿಗುವ ನೆಟ್‌ವರ್ಕ್ ಹಣ ಕಳುಹಿಸುವಾಗ ಮಾತ್ರ ಕೈಕೊಡುವುದೇಕೆ? ಒಬ್ಬ ಮಹಾಶಯ "ಪರೀಕ್ಷೆಗೆ" ಎಂದು ಒಂದು ರೂಪಾಯಿ ಕಳುಹಿಸಿದ. ಅದು ತಲುಪಿತು. ಉಳಿದದ್ದಕ್ಕೆ ವರ್ತಕರು ಇನ್ನೂ ಕಾಯುತ್ತಿದ್ದಾರೆ.

ಹಳದಿ ಎಲೆ ರೋಗದಿಂದ ತೋಟವನ್ನೇ ಕಳೆದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಅವರನ್ನು ಕುರಿತು ನಾನಿಲ್ಲಿ ಬರೆಯುತ್ತಿಲ್ಲ. ಅವರು ತಲೆ ತಪ್ಪಿಸಿಕೊಳ್ಳುವುದಿಲ್ಲ. ಅಂಗಡಿಗೆ ಬಂದು ಕಷ್ಟ ಹೇಳಿಕೊಂಡು, ಇದ್ದುದರಲ್ಲಿ ಐನೂರೋ ಸಾವಿರವೋ ಕೊಟ್ಟು ಹೋಗುತ್ತಾರೆ. ನನಗೆ ಸಿಟ್ಟಿರುವುದು ತಮ್ಮ ತೋಟ ಹಸಿರಾಗಿದ್ದರೂ ಪಕ್ಕದವರ ತೋಟದ ರೋಗವನ್ನು ಕಡ ತಂದು ಹೇಳುವವರ ಮೇಲೆ.

ಇವರೆಲ್ಲರಿಗಿಂತ ಜಾಣರು ಕಾನೂನು ಬಲ್ಲವರು. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂತಹ ಅಂಗಡಿ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಅಷ್ಟರೊಳಗೆ ಸಾಲಗಾರ ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ ಆ ದಿನದಿಂದ ಅವಧಿ ಹೊಸದಾಗಿ ಆರಂಭವಾಗುತ್ತದೆ. ಆದುದರಿಂದ ಓದಿದವರು ಬಾಯಿತುಂಬ ಒಪ್ಪುತ್ತಾರೆ, ಸಹಿ ಮಾಡುವುದಿಲ್ಲ. "ಸಾರ್, ನಮ್ಮ ನಮ್ಮಲ್ಲಿ ಬರವಣಿಗೆ ಏಕೆ?" ಎಂದು ನನ್ನನ್ನೇ ಕೇಳಿದವನಿಗೆ ಅಕ್ಷರ ತಿದ್ದಿಸಿದವನು ನಾನು. ಅವನು ಓದದೆ ಬಿಟ್ಟ ಅಂಶವೊಂದಿದೆ: ಕಾಲ ಮೀರಿದರೆ ಮುಚ್ಚುವುದು ನ್ಯಾಯಾಲಯದ ಬಾಗಿಲು ಮಾತ್ರ, ಸಾಲ ತೀರಿತೆಂದು ಆ ಕಾಯಿದೆ ಹೇಳುವುದಿಲ್ಲ.

ಇದರ ಹೊರೆ ಯಾರ ಮೇಲೆ ಬಿತ್ತೆಂಬುದನ್ನು ಕಳೆದ ಮಳೆಗಾಲಕ್ಕೆ ಮುಂಚೆ ಕಣ್ಣಾರೆ ಕಂಡೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅರ್ಧ ಎಕರೆ ತೋಟದ ಹೆಂಗಸೊಬ್ಬರು ಎಂದಿನಂತೆ ಕಡ ಕೇಳಿಕೊಂಡು ಬಂದರು. ಪ್ರತಿವರ್ಷ ಕೊಯ್ಲು ಮುಗಿದ ವಾರದಲ್ಲೇ ಲೆಕ್ಕ ಚುಕ್ತಾ ಮಾಡುವವರು. ವರ್ತಕರು ತಲೆ ತಗ್ಗಿಸಿ, "ಈ ವರ್ಷ ಯಾರಿಗೂ ಉದ್ರಿ ಇಲ್ಲಮ್ಮ, ನನಗೇ ಸರಕು ತರಲು ದುಡ್ಡಿಲ್ಲ" ಎಂದರು. ಆಕೆ ಮರುಮಾತಾಡದೆ ಚೀಲ ಮಡಚಿಕೊಂಡು ಹೋದರು. ನಾನು ಅಲ್ಲಿಯೇ ಕುಳಿತು ಅನುಕೂಲಸ್ಥನೊಬ್ಬನಿಗೆ ನಾಲ್ಕನೆಯ ಜ್ಞಾಪನ ಪತ್ರ ಬರೆಯುತ್ತಿದ್ದೆ.

ಈ ಪುಟವನ್ನು ಓದುವವರಲ್ಲಿ ಕನಿಷ್ಠ ಇಬ್ಬರ ಹೆಸರು ಆ ಪುಸ್ತಕದಲ್ಲಿದೆ. ಒಬ್ಬ ನನ್ನ ಶಿಷ್ಯ, ಇನ್ನೊಬ್ಬರು ಬಂಧು. ನನಗೆ ಉತ್ತರ ಬರೆಯುವುದು ಬೇಡ. ಅಂಗಡಿ ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಶುಕ್ರವಾರವೂ.