ತಿರುಗಿದತ್ತೆಲ್ಲ ಭೂತಬಂಗಲೆ

ಕಳೆದ ಬೇಸಿಗೆಯ ರಜೆಗೆ ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂದ ಬೆಂಗಳೂರಿನ ಬಂಧುಗಳು ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಸಾಧನವೊಂದನ್ನು ತಂದಿದ್ದರು. ಅದರೊಳಗಿದ್ದುದು ‘ದಿ ಸೆವೆಂತ್ ಗೆಸ್ಟ್’, 1993ರಲ್ಲಿ ಸಿ.ಡಿ.ಗಳಲ್ಲಿ ಬಂದ ಭೂತಬಂಗಲೆಯ ಒಗಟಿನಾಟ, 2023ರಲ್ಲಿ ವಿ.ಆರ್.ಗಾಗಿ ಮರುರೂಪಗೊಂಡಿತು. 9 ವರ್ಷದ ಬಾಲಕನು ಸ್ವಲ್ಪ ಹೊತ್ತು ಆಡಿ, ಬೆವೆತು, ವಾಂತಿ ಮಾಡಿಕೊಂಡನು. ಹಿರಿಯರಾದ ನಾವು ‘ಅಂಜುಬುರುಕ’ ಎಂದು ನಕ್ಕೆವು. ಆ ನಗುವಿಗೆ ಇಂದಿಗೂ ನಾಚುತ್ತೇವೆ.

ಅದು ಬರಿಯ ಅಂಜಿಕೆಯಾಗಿರಲಿಲ್ಲ. ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುತ್ತದೆ. ಒಳಗಿವಿಯ ಸಮತೋಲನದ ಅಂಗವು ‘ಕುಳಿತಿದ್ದೇನೆ’ ಎನ್ನುತ್ತದೆ. ಈ ವಿರೋಧದಿಂದಲೇ ತಲೆಸುತ್ತು, ವಾಕರಿಕೆ. ಶಿರಹಟ್ಟಿಯ ಬಸ್ಸಿನಲ್ಲಿ ಪುಸ್ತಕ ಓದುವವರಿಗೆ ಆಗುವುದೂ ಇದೇ, ತಿರುವುಮುರುವಾಗಿ.

ಹಳೆಯ ಆಟದಲ್ಲಿ ಹೆದರಿದ ಮಗು ಮುಖ ತಿರುಗಿಸಿದರೆ ತನ್ನ ಮನೆಯ ಗೋಡೆ, ಅಡುಗೆಮನೆಯ ಬೆಳಕು ಕಾಣುತ್ತಿತ್ತು. ಇಲ್ಲಿ ತಿರುಗಿದತ್ತೆಲ್ಲ ಬಂಗಲೆಯೇ. ಒಗಟು ಬುದ್ಧಿಗೆ ಹಿತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮರುರೂಪದಲ್ಲಿ ಕಳೆದುಹೋದದ್ದು ಮುಖ ತಿರುಗಿಸುವ ಆ ಸ್ವಾತಂತ್ರ್ಯ.

ಮೆಟಾ ಸಂಸ್ಥೆಯು ತನ್ನ ಸಾಧನಕ್ಕೆ 10, ಸೋನಿಯು ತನ್ನದಕ್ಕೆ 12 ವರ್ಷವನ್ನು ಕನಿಷ್ಠ ವಯಸ್ಸೆಂದು ಸೂಚಿಸಿವೆ. ಭಯದ ಆಟಕ್ಕೆ ಅದೂ ಸಾಲದೆಂಬುದು ನಮ್ಮ ಅಭಿಮತ. ಗದಗ-ಬೆಟಗೇರಿ, ಮುಂಡರಗಿಗಳ ಮನೆಗಳಿಗೂ ಇದು ರಜೆಯ ಬಂಧುಗಳೊಡನೆ ಬಂದೀತು. ವಾಕರಿಕೆ ತೋರಿದ ಕೂಡಲೇ ಕಳಚಿಸಿ, ದೂರದ ಮರವನ್ನು ನೋಡುವಂತೆ ಮಗುವನ್ನು ಕಟ್ಟೆಯ ಮೇಲೆ ಕೂರಿಸಬೇಕು. ‘ಇನ್ನೆರಡು ನಿಮಿಷ ತಾಳು’ ಎನ್ನಬಾರದು. ಮೂರ್ಛೆರೋಗವುಳ್ಳವರಂತೂ ವೈದ್ಯರನ್ನು ಕೇಳದೆ ಇದನ್ನು ಕಟ್ಟಿಕೊಳ್ಳಲೇಕೂಡದು.