ತತ್ತಿಯೊಳಗೆ ಕಲಿತ ಪಾಠ

ಮೊಟ್ಟೆಗೆ ನವಲಗುಂದದ ಕಡೆಯವರು ತತ್ತಿ ಎನ್ನುವರು. ಕಾವಿಗಿಟ್ಟ ತತ್ತಿಯನ್ನು ನಾಲ್ಕಾರು ದಿನಗಳ ಬಳಿಕ ದೀಪಕ್ಕೆ ಹಿಡಿದು ನೋಡಿದರೆ ಕೆಂಪು ಎಳೆಗಳ ಜಾಲವೊಂದು ಕಾಣುತ್ತದೆ. ಅದು ಮರಿಯ ನೆತ್ತರು. ಮರಿ ಹೊರಬರಲು 21 ದಿನಗಳು ಬೇಕು. ಆದರೆ ಹಳದಿಯನ್ನು ಸುತ್ತಿದ ಪೊರೆಯಲ್ಲಿ ಎರಡನೆಯ ದಿನಕ್ಕೇ ರಕ್ತಕಣಗಳು ರೂಪುಗೊಳ್ಳತೊಡಗಿರುತ್ತವೆ.

ಎಳೆಯ ಕಣವು ಮೊದಲು ಇಬ್ಭಾಗವಾಗುತ್ತ ಸಂಖ್ಯೆಯನ್ನು ಬೆಳೆಸುತ್ತದೆ. ಬಳಿಕ ಒಡೆಯುವುದನ್ನು ನಿಲ್ಲಿಸಿ, ಹಿಮೊಗ್ಲೋಬಿನ್ ತುಂಬಿಕೊಂಡು, ಪ್ರಾಣವಾಯುವನ್ನು ಹೊರುವ ಪ್ರೌಢ ಕಣವಾಗುತ್ತದೆ. ಎರಿತ್ರೋಬ್ಲಾಸ್ಟೋಸಿಸ್ ಎಂಬ ಕೋಳಿರೋಗದ ವೈರಸ್ಸು ಕೈಯಿಡುವುದು ಇಲ್ಲಿಯೇ. ಅದರೊಳಗಿನ ‘ಎರ್ಬ್-ಬಿ’ ಎಂಬ ಜೀನು, ಒಡೆಯುತ್ತಲೇ ಇರುವಂತೆ ಕಣವನ್ನು ಪ್ರೇರಿಸುತ್ತದೆ. ‘ಎರ್ಬ್-ಎ’ ಎಂಬುದು ಅದು ಪ್ರೌಢವಾಗದಂತೆ ತಡೆಯುತ್ತದೆ. ಹೀಗೆ ನೆತ್ತರಿನ ತುಂಬ ಎಳೆಗಣಗಳೇ ಆಗುತ್ತವೆ. ಮೈಯೆಲೋಬ್ಲಾಸ್ಟೋಸಿಸ್ ವೈರಸ್ಸಿನ ಗುರಿಯೇ ಬೇರೆ. ಅದು ಕೆಡಿಸುವುದು ಬಿಳಿಯ ಕಣಗಳ ಒಂದು ಪಂಗಡವನ್ನು.

ಕೋಳಿಯ ರಕ್ತದ ಕ್ಯಾನ್ಸರನ್ನು ಕೋಶರಹಿತ ಸೋಸುದ್ರವದಿಂದ ಹರಡಬಹುದೆಂದು ಕೋಪನ್‌ಹೇಗನ್ನಿನ ಎಲ್ಲರ್ಮನ್ ಮತ್ತು ಬಾಂಗ್ 1908ರಲ್ಲಿಯೇ ತೋರಿಸಿದ್ದರು. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಕೋಳಿಯ ಗಂತಿಯ ವಿಷಯದಲ್ಲಿ ಅದನ್ನೇ ಸಾಧಿಸಿದರು. ಕೋಳಿಯ ರೋಗದಿಂದ ಮನುಷ್ಯನಿಗೇನು ಎಂದು ಅನೇಕರು ಅದನ್ನು ಕಡೆಗಣಿಸಿದರು. ರೌಸ್ ಅವರಿಗೆ ನೊಬೆಲ್ ಬಹುಮಾನ ಬಂದುದು 1966ರಲ್ಲಿ, 87ನೆಯ ವಯಸ್ಸಿನಲ್ಲಿ.

ಮನುಷ್ಯನಿಗೇನು ಎಂಬ ಪ್ರಶ್ನೆಗೆ ಉತ್ತರ ತೆರೆದುಕೊಂಡಿತು 1976ರಲ್ಲಿ. ರೌಸ್ ವೈರಸ್ಸಿನ ಕ್ಯಾನ್ಸರ್ ಜೀನಿನ ಮೂಲವು ಆರೋಗ್ಯವಂತ ಹಕ್ಕಿಗಳ ಕೋಶಗಳಲ್ಲಿಯೇ ಇದೆಯೆಂದು ಬಿಷಪ್, ವಾರ್ಮಸ್ ಮತ್ತು ಸಂಗಡಿಗರು ಕಂಡುಕೊಂಡರು. ಎಂದೋ ಹಕ್ಕಿಯಿಂದ ಎತ್ತಿಕೊಂಡುದನ್ನೇ ವೈರಸ್ಸು ಕೆಡಿಸಿ ಹಿಂದಿರುಗಿಸುತ್ತಿದ್ದಿತು! ಎರ್ಬ್ ಜೀನುಗಳ ಕಥೆಯೂ ಅದೇ. ಅವುಗಳ ಸಂಬಂಧಿಗಳು ಮನುಷ್ಯನಲ್ಲಿಯೂ ಇವೆ.

ಇಂದು ಸ್ತನದ ಕ್ಯಾನ್ಸರಿನ ಪರೀಕ್ಷಾ ವರದಿಯಲ್ಲಿ ‘ಹರ್-2’ ಎಂಬ ಮಾತನ್ನು ಕಾಣದ ಮನೆಯವರು ಕಡಿಮೆ. ಅದರ ಇನ್ನೊಂದು ಹೆಸರು ‘ಎರ್ಬ್-ಬಿ-2’. ಈ ಕ್ಯಾನ್ಸರ್ ಕೋಳಿಯಿಂದ ಬರುತ್ತದೆಂದು ಇದರ ಅರ್ಥವಲ್ಲ; ಜೀನುಗಳ ಕುಲ ಒಂದು, ಅಷ್ಟೆ. ನೂರರಲ್ಲಿ ಸುಮಾರು 15ರಿಂದ 20 ರೋಗಿಗಳಲ್ಲಿ ಈ ಜೀನು ಅತಿಯಾಗಿ ದುಡಿಯುತ್ತಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ದೊರೆಯಿತು. ಅದನ್ನು ಪಡೆದು ಮಕ್ಕಳ ನಡುವೆ ಬಾಳುತ್ತಿರುವ ತಾಯಂದಿರು ಇಂದು ಎಷ್ಟೋ ಮಂದಿ.